ಕಂಬಳಿಯ ನಾಲ್ಕನೆಯ ಮೂಲೆ

"ಮಣ್ಣು ಮಾಡಿದ ಹೆಣ ತಿರುಗಿ ಬಂದೈತಿ ನೋಡವಾ ಗುಡ್ಡವ್ವ! ಅದೂ ಕುಂಟಕೋತ ಬಂದೈತಿ!"

ಬಾಜೂ ಮನೆಯ ಪದ್ಮವ್ವ ಬಾಗಿಲಲ್ಲಿ ನಿಂತು ಒದರಿದಾಗ ಗುಡ್ಡವ್ವ ಮಗ್ಗದ ಕುಣಿಯಲ್ಲಿದ್ದಳು. ಮೊಣಕೈವರೆಗೆ ನೂಲಿಗೆ ಹಚ್ಚುವ ಹುಣಸೆಬೀಜದ ಗಂಜಿ. ಕೌಜಲಗಿಯ ಕುರುಬರ ಓಣಿಯಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಕಂಬಳಿ ನೇಯುವವರು ಗಂಡಸರು. ಗಂಡನಿಲ್ಲದ ಮನೆಯಲ್ಲಿ ಹೊಟ್ಟೆಪಾಡಿಗೆಂದು ಕುಣಿಗೆ ಇಳಿದ ಹೆಂಗಸು ಇವಳೊಬ್ಬಳೇ.

"ಯಾರ ಹೆಣ ಪದ್ಮಕ್ಕ? ಸುಡುಸುಡು ಮಧ್ಯಾಹ್ನ ಏನು ಚ್ಯಾಷ್ಟಿ ನಿಂದು?"

"ನಿನ್ನ ಗಂಡಂದು!"

ಗುಡ್ಡವ್ವ ಹೊರಗೆ ಬಂದಳು. ಬೇವಿನ ಗಿಡದ ಕೆಳಗೆ ಒಬ್ಬ ಗಂಡಸು ನಿಂತಿದ್ದ. ಎದೆಯವರೆಗೆ ಗಡ್ಡ. ಸುಟ್ಟು ಸುಲಿದಂಥ ಮುಖ. ಎಡಗಾಲು ಹೊರಮುಖವಾಗಿ ಸೊಟ್ಟಗಾಗಿತ್ತು. ಹೆಗಲ ಮೇಲೆ ಕೆಂಪಂಚಿನ ಕರಿ ಕಂಬಳಿ...

ಮುಖಕ್ಕಿಂತ ಮೊದಲು ಕಂಬಳಿಯ ಗುರುತು ಹತ್ತಿತು. ಅದು ಅವಳೇ ನೂತ ನೂಲು!

'ದೇವರೇ... ಅವರೇ! ಅವರೇ!'

ಎರಡು ಹೆಜ್ಜೆ ಓಡಿದಳು. ಬಳೆಯಿಲ್ಲದ ತನ್ನ ಮುಂಗೈ ಕಣ್ಣಿಗೆ ಬಿತ್ತು. ನಿಂತುಬಿಟ್ಟಳು.

"ಗುಡ್ಡೀ..." ಅದೇ ದನಿ. "ಕೂಸು ಎಲ್ಲೈತಿ? ಈಗ ಓಣಿ ತುಂಬ ಓಡ್ಯಾಡತಿರಬೇಕಲ್ಲ?"

ಅವನು ಹೋದಾಗ ಮಗಳಿಗೆ ಆರು ತಿಂಗಳು. ಈಗ ಏನೆಂದು ಹೇಳಬೇಕು ಇವಳು?

"ಬಾವಿ ಬಾಜೂ, ಬನ್ನಿ ಗಿಡದ ಬುಡಕ ಐತ್ರಿ," ಎಂದಳು. "ಮಲಗಿ ಮೂರು ವರ್ಷ ಆತು."

ಮಾಯಪ್ಪ ಬೇವಿನ ಬೊಡ್ಡೆ ಹಿಡಿದುಕೊಂಡೇ ನೆಲಕ್ಕೆ ಕುಸಿದ. ಎಬ್ಬಿಸಲು ಯಾರೂ ಹೋಗಲಿಲ್ಲ. ಸತ್ತವನನ್ನು ಮುಟ್ಟುವವರು ಯಾರು?

ಐದು ವರ್ಷದ ಹಿಂದೆ ಘಟಪ್ರಭಾದಲ್ಲಿ ರೈಲು ಹತ್ತಿ ಮುಂಬೈಗೆ ಹೋಗಿ, ಹಡಗಿನಲ್ಲಿ ಖಲಾಸಿಯಾಗಿದ್ದ ಅವನು. ಎರಡೇ ವರ್ಷ ದುಡಿದು ಬಂದು ಇಪ್ಪತ್ತು ಕುರಿ ಕಟ್ಟುತ್ತೇನೆ ಎಂದಿದ್ದ. ಆಮೇಲೆ ಬಂದದ್ದು ಮುಂಬೈಯಿಂದ ಒಂದೇ ಕಾಗದ. ಉತ್ತರದ ತುದಿಯ ಬರ್ಫದ ಸಮುದ್ರದಲ್ಲಿ ಹಡಗು ಸಿಕ್ಕಿಕೊಂಡಿತು, ಯಾರೂ ಉಳಿದಿಲ್ಲ ಎಂದು. ಹೆಣವಿಲ್ಲದ ಸಾವು! ಊರವರು ಜೋಳದ ಹಿಟ್ಟಿನ ಗೊಂಬೆ ಮಾಡಿ, ಕಂಬಳಿಯಲ್ಲಿ ಸುತ್ತಿ, ಮಣ್ಣು ಮಾಡಿದರು. ಗುಡ್ಡವ್ವನ ಬಳೆ ಒಡೆದರು. ಕಣಗಲಾದ ಕಡೆಯಿಂದ ಉಡಿಕೆಗೆ, ಅಂದರೆ ಮರುಮದುವೆಗೆ, ಕೇಳಿ ಬಂದವರನ್ನು ಅವಳು ಎರಡು ಸಲ ತಿರುಗಿಸಿ ಕಳಿಸಿದ್ದಳು.

ಬೀರದೇವರ ಪೂಜಾರಿ ಮಾಲಿಂಗಪ್ಪ ಬಂದ. ಹಿರಿಯ, ಓಣಿಯ ಕಟ್ಟಳೆಯೆಲ್ಲ ಅವನ ಬಾಯಲ್ಲಿ.

"ಮಾಯಪ್ಪ, ನಿನ್ನ ಮಣ್ಣು ಮಾಡೀವಿ. ಹೊಸ್ತಿಲಾ ದಾಟಬೇಕಂದ್ರ ನೀ ಮತ್ತ ಹುಟ್ಟಬೇಕು," ಎಂದ. "ಸ್ವಾಮಾರ ಮುಂಜಾನೆ ಕಂಬಳಿ ತೊಟ್ಟಿಲಾ ಮಾಡೂಣು. ಮೂರು ಮೂಲಿ ನಾವು ಹಿಡಿತೀವಿ. ನಾಲ್ಕನೇ ಮೂಲಿ, ಯಾರ ಕೈಬಳಿ ಒಡದಾವು ಅಕೀನ ಹಿಡಿದು, ಬಾಯಿಬಿಟ್ಟು ನಿನ್ನ ಹೆಸರು ಕರೀಬೇಕು."

"ಅಕಿ ಹಿಡೀಲಿಲ್ಲಂದ್ರ?"

"ನೀ ಸತ್ತಂವನ. ಸೀಮಿ ದಾಟಿ ಹೋಗಬೇಕು."

ಒಳಗಿನಿಂದ ಮಾಯಪ್ಪನ ತಾಯಿ ಉದ್ದವ್ವ ಕೂಗಿದಳು. ಕಣ್ಣು ಮಂಜಾಗಿದ್ದರೂ ನಾಲಿಗೆ ಚುರುಕು. "ಹಿಡೀತಾಳೋ ಹಿಡೀತಾಳ! ನನ್ನ ಸೊಸಿ ಹಿಡೀದ ಬಿಡ್ತಾಳೇನು!"

ಗುಡ್ಡವ್ವನೂ ಆ ಹೊತ್ತು ಹಾಗೆಯೇ ಅಂದುಕೊಂಡಿದ್ದಳು.

ಸೋಮವಾರದವರೆಗೆ ಅವನು ಗುಡಿಯ ಕಟ್ಟೆಯ ಮೇಲೆ ಇರಬೇಕಾಯಿತು. ಮರುದಿನ ಗುಡ್ಡವ್ವ ರೊಟ್ಟಿ ಕಟ್ಟಿಕೊಂಡು ಹೋದಳು. ಬುತ್ತಿಯಲ್ಲಿ ಅವನಿಗೆ ಸೇರುವ ಅಗಸಿ ಹಿಂಡಿ. ಕಟ್ಟೆಯ ಸುತ್ತ ಗಂಡಸರು ಹೋ ಎಂದು ನಗುತ್ತಿದ್ದರು. ನಾಚಿ ಗೋಡೆಯ ಮರೆಗೆ ನಿಂತಳು.

"ಬ್ಯಾಸಗಿಗೆ ಅಲ್ಲಿ ಸೂರ್ಯಾ ಮುಳಗೂದ ಇಲ್ಲರಿ," ಮಾಯಪ್ಪ ಹೇಳುತ್ತಿದ್ದ.

"ಹಂಗಾರ ಕುರಿ ಯಾವಾಗ ಮನಿಗೆ ಹೊಡಕೊಂಡು ಬರ್ತಾರೋ ಮಾರಾಯಾ?" ಎಂದ ಕಲ್ಲಪ್ಪ. ಮತ್ತೆ ನಗೆ.

"ಕುರಿ ಎಲ್ಲೀದು ಕಲ್ಲಪ್ಪಣ್ಣ! ಗುಡಿಯಷ್ಟು ದೊಡ್ಡ ಮೀನಾ ಹಿಡೀತಾರ. ಬರ್ಫದಾಗ ಸಾಯಾಕತ್ತಿದ್ದ ನನ್ನ ಎತ್ತಿ ಒಯ್ದು ಬದುಕಿಸಿದ್ದು ಆ ಮಂದೀನ. ತಲಿತಲಾಂತರದಿಂದ ಅಲ್ಲೇ ಇರೂ ಮಂದಿ. ಮೀನಾ ಸಿಕ್ತಂದ್ರ ಹಿಡದಂವ ತಾನ ಇಟ್ಕೊಳ್ಳೂದಿಲ್ಲ, ಊರಿಗೆಲ್ಲ ಹಂಚಿ ಹಬ್ಬಾ ಮಾಡ್ತಾನ. ಡಪ್ಪು ಬಡೀತಾರ, ಕುಣೀತಾರ. ಆಮ್ಯಾಲ ತೊಗಲು ಹೊಲಿದು ಮಾಡಿದ ಒಂದು ದೊಡ್ಡ ಕಂಬಳಿ... ನಲವತ್ತು ಮಂದಿ ಸುತ್ತ ಹಿಡದು, ನಡುವ ಒಬ್ಬಂವನ್ನ ನಿಲ್ಲಿಸಿ, ಝಾಡಿಸಿ ಮುಗಲಿಗೆ ಒಗೀತಾರ!"

"ನಿನ್ನೂ ಒಗದ್ರೇನು?"

"ಒಗೀಲಾರದ ಬಿಡ್ತಾರ? ಎರಡನೇ ವರ್ಷ, ಕಾರಹುಣ್ಣಿವಿ ದಿನ. ಚಂದ್ರ ಕಾಣದಿದ್ರೂ ದಿನಾ ಎಣಿಸಿ, ಹುಣ್ಣಿವಿಗೊಂದರಂಗ ಈ ಕಂಬಳಿ ಅಂಚಿನ ದಶಿಗೆ ಗಂಟು ಹಾಕ್ತಿದ್ದೆ ನೋಡ್ರಿ, ಅದಕ್ಕ ಗೊತ್ತು..."

ಕಾರಹುಣ್ಣಿಮೆ!

ಗೋಡೆಯ ಮರೆಯಲ್ಲಿ ಗುಡ್ಡವ್ವನಿಗೆ ಕಿವಿ ಗುಂಯ್ ಎಂದಿತು. ಎರಡನೆಯ ವರ್ಷದ ಕಾರಹುಣ್ಣಿಮೆ. ಊರೆಲ್ಲ ಎತ್ತಿಗೆ ಬಣ್ಣ ಬಳಿಯುತ್ತಿದ್ದಾಗ ತನ್ನ ತೊಡೆಯ ಮೇಲೆ ಜ್ವರದ ಕೂಸು. ಹಾಲು ಒಲ್ಲೆ ಎಂದಿತು, ನೀರು ಒಲ್ಲೆ ಎಂದಿತು. ಎತ್ತಿನ ಗೆಜ್ಜೆಯ ಸದ್ದಿಗೆ ಒಮ್ಮೆ ಕಣ್ಣು ತೆರೆದು, ಮುಚ್ಚಿತು. ಅಷ್ಟೇ.

'ಅವತ್ತು ನೀವು ಹಬ್ಬಾ ಮಾಡಾಕತ್ತಿದ್ರಿ... ಮುಗಲಿಗೆ ಹಾರಿ ನಗಾಕತ್ತಿದ್ರಿ!'

ಬುತ್ತಿಯನ್ನು ಅಲ್ಲೇ ನೆಲದ ಮೇಲಿಟ್ಟು ತಿರುಗಿ ನೋಡದೆ ನಡೆದಳು.

ಮೂರು ದಿನ ಕುಣಿ ಬಿಟ್ಟು ಏಳಲಿಲ್ಲ. ಉದ್ದವ್ವ ಕೇಳಿ ಕೇಳಿ ಸೋತಳು. ಕೊನೆಗೆ ಭಾನುವಾರ ಸಂಜೆ ಸೊಸೆಯ ಬಾಯಿಂದ ಮಾತು ಹೊರಬಂತು.

"ನಾ ಹಿಡಿಯೂದಿಲ್ಲತ್ತಿ. ನನ್ನ ಕೂಸು ಮಣ್ಣಿಗಿ ಹೋದ ದಿನ ಅವರು ಹಬ್ಬದಾಗ ಕುಣದಾರ."

ಕೂಸಿಗೆ ಮಣ್ಣು ಹಾಕಿದ ಕೈಗಳಲ್ಲಿ ಮುದುಕಿಯ ಕೈಯೂ ಇತ್ತು.

"ನಾ ಅವನ ತಾಯಿ. ಹಿಡಿ ಅಂತ ನಿನಗ ಹೇಳೂದಿಲ್ಲ," ಎಂದಳು. "ಖರೆ ಒಂದು ಮಾತು ಕೇಳ್ತೀನಿ. ಎಲ್ಲಾರೂ ಅವನ ಕತಿ ಕೇಳಿ ನಕ್ಕರು. ಕಾಲು ಹೆಂಗ ಮುರೀತು ಅಂತ ಯಾರರ ಕೇಳ್ಯಾರೇನು? ನೀ ಕೇಳೀಯೇನು?"

ಸೋಮವಾರ ಮುಂಜಾನೆ ಮನೆಯ ಮುಂದೆ ಕಂಬಳಿ ಹಾಸಿದರು. ಅವನು ತಂದಿದ್ದ ಅದೇ ಕೆಂಪಂಚಿನ ಕಂಬಳಿ, ದಶಿ ತುಂಬ ಗಂಟು. ಮಾಯಪ್ಪ ಮಂಡಿ ಮಡಚಿ ಅದರ ನಡುವೆ ಕೂಸಿನ ಹಾಗೆ ಮಲಗಿದ. ಸೊಟ್ಟ ಕಾಲು ಮಾತ್ರ ಮಡಚಲು ಬರಲಿಲ್ಲ. ಮಾಲಿಂಗಪ್ಪ, ಕಲ್ಲಪ್ಪ, ಪದ್ಮವ್ವನ ಗಂಡ ಸಾತಪ್ಪ... ಮೂವರು ಮೂರು ಮೂಲೆ ಹಿಡಿದರು.

ನಾಲ್ಕನೆಯ ಮೂಲೆ ನೆಲದ ಮೇಲೆ ಬಿದ್ದಿತ್ತು.

"ಬಾರವಾ," ಎಂದ ಮಾಲಿಂಗಪ್ಪ.

ಗುಡ್ಡವ್ವ ಕದಲಲಿಲ್ಲ. ಓಣಿಯೆಲ್ಲ ನೋಡುತ್ತಿತ್ತು.

"ಒಂದು ಕೇಳೂದೈತ್ರಿ ಕಾಕಾ. ಕೇಳಿ ಹಿಡೀತೀನಿ... ಇಲ್ಲಾ, ಬಿಡ್ತೀನಿ." ಅವಳು ಕಂಬಳಿಯಲ್ಲಿದ್ದವನ ಕಡೆ ತಿರುಗಿದಳು. "ಆ ಹಬ್ಬದ ದಿನ ನಿಮ್ಮ ಮಗಳು ಸತ್ತಳ್ರೀ. ಅವತ್ತು ನೀವು ನಗಾಕತ್ತಿದ್ರಿ?"

ಅವನ ಮುಖ ಬಿಳಿಚಿಕೊಂಡಿತು. ದಿನ ಯಾವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಮೊದಲನೇ ಸಲಾ ನಕ್ಕೆ," ಎಂದ ನಿಧಾನವಾಗಿ. "ಸುಳ್ಳು ಹೇಳೂದಿಲ್ಲ ಗುಡ್ಡಿ. ಒಂದು ಸಲಾ ನಕ್ಕೆ."

"ಆಮ್ಯಾಲ?"

"ದೂರದ್ದು ಕಾಣಲಿ ಅಂತ ಒಗೀತಾರ, ಅಂದ್ರು. ದೂರದ್ದು ಅಂದ ಕೂಡ್ಲೆ... ಮತ್ತ ಒಗೀರಿ ಅಂದೆ. ಹಡಗು ಕಂಡೀತು ಅಂತ." ಅವನು ಕಣ್ಣು ಮುಚ್ಚಿದ. "ಖರೆ ಹೇಳ್ಲೇನು? ಕೌಜಲಗಿ ಕಂಡೀತು ಅಂತ."

ಈ ಸಲ ಯಾರೂ ನಗಲಿಲ್ಲ. ಕಲ್ಲಪ್ಪ ಕೂಡ.

"ಸಾಕು ಇಳಿ ಅಂದ್ರು. ನಾ ಕೇಳಲಿಲ್ಲ. ಮ್ಯಾಲ ಹೋದಾಗೊಮ್ಮೆ ನಿನ್ನ ಹೆಸರು ಹಿಡದು ಒದರತಿದ್ದೆ. ಅಲ್ಲಿ ನಾಚಾಕ ಯಾ ಹಿರ್ಯಾರಿದ್ರು? ಕಡೀಕ ಆ ನಲವತ್ತು ಮಂದೀನೂ 'ಗುಡ್ಡವ್ವ, ಗುಡ್ಡವ್ವ' ಅನಕೋತ ಒಗದ್ರು... ಹದಿನಾಲ್ಕನೇ ಸಲಾ ತೊಗಲಿನ ಮ್ಯಾಲ ಬೀಳಲಿಲ್ಲ ನಾ. ಬರ್ಫದ ಮ್ಯಾಲ ಬಿದ್ದೆ."

"ಕಾಲು..."

"ಹನ್ನೆರಡು ದಿನಕ್ಕ ಹಡಗು ಬಂತು. ಕುಂಟ ಖಲಾಸಿ ಬ್ಯಾಡಂತ ಬಿಟ್ಟು ಹೋತು. ನಡದಾಡೂವಂಗ ಆಗಿ, ಮತ್ತೊಂದು ಹಡಗು ಸಿಕ್ಕು, ಬರೂದ್ರಾಗ ಇಷ್ಟು ವರ್ಷ ಹೋದವು." ಅವನು ಮುಖ ಅತ್ತ ತಿರುಗಿಸಿದ. "ನೀ ಹಿಡೀಬ್ಯಾಡ ಗುಡ್ಡಿ. ಕೂಸು ಸಾಯೂ ಮುಂದ ನಕ್ಕಂವ ನಾ. ಒಂದು ಸಲಾ ನಕ್ಕರೂ ನಕ್ಕಂಗ."

ಗುಡ್ಡವ್ವನಿಗೆ ಕಂಬಳಿ ಮಬ್ಬುಮಬ್ಬಾಗಿ ಕಂಡಿತು.

'ನಾ ಇಲ್ಲಿ ಕೂಸಿನ ಮುಖಾ ನೋಡಕೋತ ಇವರ ಹೆಸರು ಮನಸಿನಾಗ ಒದರಾಕತ್ತಿದ್ದೆ. ಇವರು ಅಲ್ಲಿ ಮುಗಲಿನಾಗ ನನ್ನ ಹೆಸರು ಒದರಾಕತ್ತಿದ್ರು. ಇಬ್ಬರಿಗೂ ಕೇಳಲಿಲ್ಲಲ್ಲೋ ಬೀರದೇವರ...'

ಬಗ್ಗಿದಳು. ನೆಲಕ್ಕೆ ಬಿದ್ದ ಮೂಲೆಯನ್ನು ಎರಡೂ ಕೈಯಿಂದ ಹಿಡಿದಳು. ಗಂಜಿ ಒಣಗಿ ಬಿರುಕುಬಿಟ್ಟ ಬೆರಳು, ಬಿಗಿ ಹಿಡಿತ.

ಕಂಬಳಿ ನೆಲ ಬಿಟ್ಟು ಎದ್ದಿತು. ಒಮ್ಮೆ ತೂಗಿದರು. ಎರಡನೆಯ ಸಲ ತೂಗಿದರು.

ಗಂಡನ ಹೆಸರನ್ನು ಮದುವೆಯಲ್ಲಿ ಹೇಳಿಸುವ ಒಡಪಿನ ಪದ್ಯದಲ್ಲಿ ಬಿಟ್ಟರೆ ಅವಳು ಯಾವತ್ತೂ ಹೇಳಿದವಳಲ್ಲ.

"ಮಾ..."

"ಜೋರಾಗಿ ಕರಿಯವಾ!" ಉದ್ದವ್ವ ಹೊಸ್ತಿಲಿಂದ ಕೂಗಿದಳು.

"ಮಾಯಪ್ಪಾ!"

ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕದಿದ್ದ ಗಂಡಸು, ಕಂಬಳಿಯೊಳಗೆ ಬಿಕ್ಕಿ ಬಿಕ್ಕಿ ಅಳತೊಡಗಿದ.

"ಅತ್ತೈತಿ! ಕೂಸು ಅತ್ತೈತಿ!" ಎಂದ ಮಾಲಿಂಗಪ್ಪ, ತಾನೂ ಮೂಲೆ ಬಿಡದೆ ಹೆಗಲಿಗೇ ಕಣ್ಣೊರೆಸಿಕೊಳ್ಳುತ್ತ. "ಹುಟ್ಯಾನ. ಇಳಸ್ರಿ, ಸಾವಕಾಶ..."

ಗಂಡಹೆಂಡತಿ ಮೊದಲು ಹೋದದ್ದು ಮನೆಯೊಳಗಲ್ಲ. ಬನ್ನಿ ಗಿಡದ ಬುಡಕ್ಕೆ. ಅವನು ನಡುಪಟ್ಟಿಯಿಂದ ಪುಟ್ಟ ತುಪ್ಪಳದ ಬೂಟು ತೆಗೆದ. ಒಂದು ವರ್ಷದ ಕೂಸಿಗೆ ಆಗುವಷ್ಟು. ಆ ಬರ್ಫದ ನಾಡಿನ ಮುದುಕಿಯೊಬ್ಬಳು ಹೊಲಿದು ಕೊಟ್ಟದ್ದಂತೆ. ಗುಡ್ಡವ್ವ ಮಣ್ಣು ಸರಿಸಿ ಅದನ್ನು ಒಳಗಿಟ್ಟಳು.

ಮಧ್ಯಾಹ್ನ ಅವಳು ಮತ್ತೆ ಕುಣಿಗಿಳಿದಳು. ಮೂಡಲಗಿ ಸಂತೆಗೆ ಕಂಬಳಿ ಮುಗಿಯಬೇಕಿತ್ತು. ಸೊಟ್ಟ ಕಾಲಿನಿಂದ ಮಗ್ಗ ತುಳಿಯಲು ಬರುವುದಿಲ್ಲ ಎಂದು ಗೊತ್ತಾಗಿ, ಮಾಯಪ್ಪ ಚರಕವನ್ನು ಮುಂದೆ ಎಳೆದುಕೊಂಡು ಕುಳಿತ.

"ಹೆಂಗಸರ ಕೆಲಸರೀ ಅದು," ಎಂದಳು. "ಪದ್ಮಕ್ಕ ನೋಡಿದ್ರ ಊರೆಲ್ಲ ನಗ್ತಾರ."

"ನಗಲಿ ಬಿಡು. ನೀ ಇನ್ನೊಮ್ಮೆ ಹೆಸರು ಕರಿ."

"ಹುಚ್ಚರಿದ್ದೀರೇನು? ಅದು ಒಂದ ಸಲಾರೀ."

"ನಾ ಹದಿಮೂರು ಸಲಾ ಕರದೀನಿ."

"ಹಂಗಾರ ಹನ್ನೆರಡು ಬಾಕಿ ಅದಾವಂತ ತಿಳೀರಿ..."

ರೂಢಿಯಿಲ್ಲದ ಕೈ. ಚರಕ ಗಿರ್ರನೆ ತಿರುಗಿ, ನೂಲು ತಟಕ್ಕನೆ ಹರಿಯಿತು. ಗುಡ್ಡವ್ವ ಕುಣಿಯಿಂದಲೇ ಕೈ ಚಾಚಿ, ಎರಡೂ ತುದಿಗಳನ್ನು ಬೆರಳ ನಡುವೆ ಹೊಸೆದು ಕೂಡಿಸಿ, ಮತ್ತೆ ಅವನ ಕೈಗೆ ಕೊಟ್ಟಳು.