ಚುಕ್ಕೆಯಿಂದ ಶುರುವಾಗುವ ಫೈಲು

"ಮೂರು ಪತ್ರ ಕಳಿಸಿದ್ದಾರಂತೆ ತಮಂದಾ! ಒಂದೂ ನನ್ನ ಕೈಗೆ ಬಂದಿಲ್ಲ!"

ಲುಸುಂಗು ಏದುಸಿರು ಬಿಡುತ್ತ ಸರ್ವರ್ ಕೋಣೆಗೆ ನುಗ್ಗಿದಳು. ಜೋಂಬಾ ಪಟ್ಟಣದ ಮೀನು ಸಂಶೋಧನಾ ಕೇಂದ್ರದಲ್ಲಿ ಅವಳದು ಮೀನುಗಳ ರೋಗ ಪತ್ತೆಹಚ್ಚುವ ಕೆಲಸ. ನಾರ್ವೆಯ ವಿಶ್ವವಿದ್ಯಾಲಯವೊಂದು ಅವಳನ್ನು ಹೆಚ್ಚಿನ ಓದಿಗೆ ಆರಿಸಿತ್ತು. ಉತ್ತರ ಬಾರದ್ದರಿಂದ ಅಲ್ಲಿಯವರು ಈಗಷ್ಟೇ ಫೋನ್ ಮಾಡಿ, ಇಮೇಲ್‌ನಲ್ಲಿ ನಾಲ್ಕನೆಯ ಪತ್ರ ಕಳಿಸಿದ್ದರು. ಅದರಲ್ಲಿರುವ ಅರ್ಜಿಯನ್ನು ಸಂಜೆಯೊಳಗೆ ತುಂಬಿ ಕಳಿಸಬೇಕು. ಆ ಪತ್ರವೂ ಮಾಯ.

ಕೇಂದ್ರದ ಇಮೇಲ್ ವ್ಯವಸ್ಥೆ ನೋಡಿಕೊಳ್ಳುವ ತಮಂದಾ, ಮಂದಾಸಿ ಎಂಬ ಕರಿದ ತಿಂಡಿ ತಿಂದ ಎಣ್ಣೆ ಕೈ ಒರೆಸಿಕೊಂಡಳು. ಸರ್ವರ್‌ನ ದಾಖಲೆ ತೆರೆದಳು.

"ನಾಲ್ಕೂ ಬಂದಿವೆ ಅಕ್ಕ. ಬಾಗಿಲು ದಾಟಿದ ಮೇಲೆ ಯಾರೋ ನುಂಗಿದ್ದಾರೆ."

"ಇನ್ಯಾರು? ನನ್ನ ಜೊತೆ ಕೆಲಸ ಮಾಡೋ ಯಾಂಕೊ! ನಾನು ಹೋಗದಿದ್ರೆ ಆ ಸೀಟು ಅವನಿಗೇ."

* * *

ಸರ್ವರ್ ನಡೆಸುವ ಯುನಿಕ್ಸ್ ವ್ಯವಸ್ಥೆಯಲ್ಲಿ, ಹೆಸರು ಚುಕ್ಕೆಯಿಂದ ಶುರುವಾಗುವ ಫೈಲುಗಳು ಸುಮ್ಮನೆ ನೋಡಿದರೆ ಕಾಣುವುದಿಲ್ಲ. ತಮಂದಾ ಹುಡುಕಿ ತೆಗೆದಳು. ಲುಸುಂಗುವಿನ ಖಾತೆಯಲ್ಲಿ ಅಂಥದ್ದೊಂದು ಕೂತಿತ್ತು. ಇಮೇಲ್ ಸೋಸುವ ಫೈಲು. ಆ ವಿಶ್ವವಿದ್ಯಾಲಯದಿಂದ ಏನೇ ಬಂದರೂ ಓದದೆ ಅಳಿಸು ಎಂದು ಅದರಲ್ಲಿ ಬರೆದಿತ್ತು.

"ಇದನ್ನ ನೀನು ಬರೆದೆಯಾ?"

"ನನಗೆ ಇಂಥದ್ದೊಂದು ಇದೆ ಅಂತಾನೇ ಗೊತ್ತಿಲ್ಲ!"

ಬರೆದದ್ದು ಹೋದ ವಾರ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಇದೇ ಕಟ್ಟಡದಿಂದ.

"ಮಂಗಳವಾರ ಯಾಂಕೊ ಎಲ್ಲಿದ್ದ?"

ಲುಸುಂಗು ತಡವರಿಸಿದಳು. "ನನ್ನ ಜೊತೆ... ದೋಣಿಯಲ್ಲಿ. ಇಡೀ ದಿನ ಸರೋವರದ ಮೇಲೇ ಇದ್ವಿ."

"ಹಾಗಾದ್ರೆ ಅವನಲ್ಲ. ನಿನ್ನ ಪಾಸ್‌ವರ್ಡ್ ಇನ್ಯಾರಿಗೆ ಗೊತ್ತು?"

 ಲುಸುಂಗುವಿನ ಮುಖ ಸಪ್ಪಗಾಯಿತು.

ತಮಂದಾ ದಾಖಲೆಯನ್ನು ಮತ್ತೊಮ್ಮೆ ಸಾಲುಸಾಲಾಗಿ ಓದಿದಳು. ಪ್ರತಿ ಪತ್ರ ಅಳಿಸಿಹೋದಾಗಲೂ ಅದರ ಪಕ್ಕದಲ್ಲೇ ಸರ್ವರ್‌ನ ಒಂದು ಸಣ್ಣ ದೂರು. ಅವಳು ಥಟ್ಟನೆ ಎದ್ದಳು.

* * *

ತಮ್ಮ ಕೋಣೆಗೆ ಬಂದ ಇಬ್ಬರನ್ನೂ ನೋಡಿ ಕೇಂದ್ರದ ಮುಖ್ಯಸ್ಥ ಸಿಬಾಂಡೆ ಕನ್ನಡಕ ತೆಗೆದಿಟ್ಟರು. "ನನ್ನ ಮೇಲೇ ಅನುಮಾನವಾ ಮಗಳೇ?"

"ಅನುಮಾನ ಅಲ್ಲ ಸಾರ್. ಕಸದ ಇಮೇಲ್ ತಡೆಯೋಕೆ ನಿಮಗೆ ಇಂಥ ಫೈಲು ಬರೆದುಕೊಟ್ಟವಳು ನಾನೇ. ಏನೇನು ಅಳಿಸಿದೆ ಅನ್ನೋದನ್ನ ನಿಮ್ಮ ಖಾತೆಯಲ್ಲಿ ಬರೆದಿಡು ಅಂತ ಅದರಲ್ಲೊಂದು ಸಾಲಿತ್ತು. ನೀವು ಇಡೀ ಫೈಲನ್ನ ಅಕ್ಕನ ಖಾತೆಗೆ ನಕಲು ಮಾಡಿದ್ರಿ, ಆ ಸಾಲು ತೆಗೆಯೋದು ಮರೆತ್ರಿ. ಅಕ್ಕನ ಪತ್ರ ಅಳಿಸಿದಾಗೆಲ್ಲ ಅದು ನಿಮ್ಮ ಖಾತೆಗೆ ಬರೆಯೋಕೆ ಹೋಗಿದೆ. ಅನುಮತಿ ಇಲ್ಲ ಅಂತ ಸರ್ವರ್ ನಾಲ್ಕು ಸಲ ವಾಪಸ್ ಕಳಿಸಿದೆ. ನಾಲ್ಕು ಸಲವೂ ನಿಮ್ಮ ಹೆಸರು ಬರೆದಿಟ್ಟಿದೆ."

"ಪಾಸ್‌ವರ್ಡ್ ಕೊಟ್ಟವಳು ನಾನೇ," ಎಂದಳು ಲುಸುಂಗು. "ನಾನು ದೋಣಿಯಲ್ಲಿದ್ದಾಗ ಮೀನಿನ ಲೆಕ್ಕ ಬೇಕು ಅಂತ ಕೇಳಿದ್ರಿ."

ಸಿಬಾಂಡೆ ಕಿಟಕಿಯತ್ತ ತಿರುಗಿದರು. "ನೀನು ಆಯ್ಕೆಯಾದ ಸುದ್ದಿ ನನಗೇ ಮೊದಲು ಬಂತು. ಹಿಂದೆ ನನ್ನ ಕೈಯಾರೆ ಮೂವರನ್ನ ಹೊರದೇಶಕ್ಕೆ ಓದೋಕೆ ಕಳಿಸಿದೆ. ಒಬ್ಬರೂ ವಾಪಸ್ ಬರಲಿಲ್ಲ ಕಣಮ್ಮ. ನೀನೂ ಹೋದರೆ ಇಲ್ಲಿ ಯಾರಿದ್ದಾರೆ?"

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಸಾರ್?"

"ಕೇಳಿದ್ದರೆ ಏನಂತಿದ್ದೆ?"

"ವಾಪಸ್ ಬರ್ತೀನಿ ಅಂತಿದ್ದೆ."

 ತಮಂದಾ ಆ ಫೈಲನ್ನು ಅಳಿಸಿದಳು. ಪಾಸ್‌ವರ್ಡ್ ಬದಲಾಯಿತು. ಲುಸುಂಗು ನಾರ್ವೆಗೆ ಫೋನ್ ಮಾಡಿ ಕೇಳಿಕೊಂಡಳು; ನಾಲ್ಕೂವರೆಗೆ ಐದನೆಯ ಪತ್ರ ಬಂತು.

ಅರ್ಜಿಯ ಕೊನೆಯ ಪ್ರಶ್ನೆ: ಓದು ಮುಗಿದ ಮೇಲೆ ಯಾರ ಬಳಿ ಕೆಲಸ ಮಾಡುವಿರಿ? ಲುಸುಂಗು ಸಿಬಾಂಡೆ ಎಂದು ಬರೆದು ಅಳಿಸಿದಳು. ಆ ಜಾಗವನ್ನು ಖಾಲಿ ಬಿಟ್ಟು ಕಳಿಸಿದಳು.