ಎದುರು ಬಾಗಿಲಿನ ಓರೆ ಕತ್ತು

"ನನ್ನ ಮುಖ ನೋಡಿ ಮಾತಾಡ್ರೀ!"

ಅವಳು ಸಿಡುಕಿದಳು. ಸಿಡುಕದೆ ಇನ್ನೇನು? ಬಾಗಿಲು ತಳ್ಳಿಕೊಂಡು ಬಂದವನು ಅವಳ ಕಡೆ ತಿರುಗದೆ, ಗೋಡೆಯ ಮೇಲಿದ್ದ ಬೆನ್ನುಮೂಳೆಯ ಚಿತ್ರಕ್ಕೆ ಕೈಮುಗಿದಿದ್ದ!

ಅಬ್ಬಾ, ಎಷ್ಟು ಜಂಬ!

"ಡಾಕ್ಟರು ಇಲ್ಲಿದೀನಿ. ಅದು ಗೋಡೆ."

"ಗೊತ್ತು ಡಾಕ್ಟ್ರೇ... ಕತ್ತು ತಿರುಗ್ತಿಲ್ಲ. ಅದಕ್ಕೇ ಬಂದೆ. ಎದುರು ಅಂಗಡಿ ಟೈಲರ್ ನಾನು."

ಅವಳು ನಾಲಿಗೆ ಕಚ್ಚಿಕೊಂಡಳು. ಅವನು ಕತ್ತಿನ ಬದಲು ಇಡೀ ಮೈಯನ್ನೇ ತಿರುಗಿಸಿ ಅವಳ ಮುಖ ನೋಡಿದ. ನೋಡಿದವನು ಮುಂದೆ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿದ.

ಫಿಸಿಯೋಥೆರಪಿ ಓದಿ, ಹಠ ಹಿಡಿದು ಆ ಬೀದಿಯಲ್ಲಿ ಕ್ಲಿನಿಕ್ ತೆರೆದವಳು ಅವಳು. ರೋಗಿಗಳು ಮಾತ್ರ ಆ ಕಡೆ ತಲೆ ಹಾಕುತ್ತಿರಲಿಲ್ಲ. ಹಾಕುತ್ತಿದ್ದವರು ಚಿಕ್ಕಮ್ಮ ಒಬ್ಬರೇ. ಅವರು ಎರಡು ದಿನದ ಶಿಬಿರಕ್ಕೆ ಹೋಗಿ ಫೆಂಗ್ ಶುಯಿ ಕಲಿತು ಬಂದಿದ್ದರು. ಮನೆಯೊಳಗೆ ಶಕ್ತಿ ಸರಾಗವಾಗಿ ಹರಿದರೆ ಆರೋಗ್ಯವಂತೆ, ಎಲ್ಲಾದರೂ ತಡೆದರೆ ಕಾಯಿಲೆಯಂತೆ. ಶಕ್ತಿ ಹರಿಯಲೆಂದು ಮನೆಯ ಮಂಚವನ್ನು ಮೂಲೆಯಿಂದ ಮೂಲೆಗೆ ಎಳೆದೂ ಎಳೆದೂ ಚಿಕ್ಕಮ್ಮನ ಸೊಂಟವೇ ಹಿಡಿದುಕೊಂಡಿತ್ತು. ಕ್ಲಿನಿಕ್ಕಿನ ಮೊದಲ ರೋಗಿ ಅವರೇ.

ಸೊಂಟ ನೆಟ್ಟಗಾದ ಮೇಲೆ ಅವರ ಕಣ್ಣು ಬಾಗಿಲಿನ ಮೇಲೆ ಬಿತ್ತು.

"ಎದುರುಬದುರು ಬಾಗಿಲು ಕಣೇ! ಹೀಗಿದ್ರೆ ಎರಡೂ ಸದಾ ಜಗಳ ಆಡ್ತಾವೆ. ಆ ಟೈಲರ್ ಬಾಗಿಲಿಂದ ಬರೋ ಕೆಟ್ಟ ಶಕ್ತೀನೇ ನಿನ್ನ ರೋಗಿಗಳನ್ನ ಓಡಿಸ್ತಿರೋದು!"

ಅಂದವರೇ ಎಂಟು ಮೂಲೆಯ ಕನ್ನಡಿಯೊಂದನ್ನು ತಂದು ಬಾಗಿಲ ನೆತ್ತಿಗೆ ಮೊಳೆ ಹೊಡೆದರು. ಕೆಟ್ಟದ್ದೆಲ್ಲ ಅದಕ್ಕೆ ಬಡಿದು ಬಂದ ದಾರಿಯಲ್ಲೇ ವಾಪಸ್ಸಂತೆ. ಕೆಲವೇ ದಿನಗಳಲ್ಲಿ ಟೈಲರ್ ಕತ್ತು ಓರೆ ಮಾಡಿಕೊಂಡು ಬಂದ.

"ನೋಡಿದ್ಯಾ? ಕನ್ನಡಿ ಹಾಕಿದ್ದೇ ತಡ, ರೋಗಿ ಬಂದ!" ಚಿಕ್ಕಮ್ಮ ಬೀಗಿದರು.

ಅವರ ಮಾತು ನೂರಕ್ಕೆ ನೂರು ನಿಜವಾಗಿತ್ತು. ಹೇಗೆಂದು ಅವರಿಗೂ ಗೊತ್ತಿರಲಿಲ್ಲ, ಅಷ್ಟೇ.

ಅಂದಿನಿಂದ ಅವನು ದಿನಾ ಸಂಜೆ ಬಂದ. ಅವಳು ಶಾಖ ಕೊಟ್ಟಳು, ಕತ್ತು ಒತ್ತಿದಳು, ವ್ಯಾಯಾಮ ಹೇಳಿಕೊಟ್ಟಳು. ಹೋಗುವಾಗ ಕತ್ತು ನೆಟ್ಟಗಿರುತ್ತಿತ್ತು. ಮರುದಿನ ಮತ್ತೆ ನಾಯಿ ಬಾಲ ಡೊಂಕು!

"ಇಲ್ಲಿ ನೋವಾ?"

"ಇಲ್ಲ... ಸ್ವಲ್ಪ ಮೇಲೆ... ಹಾಂ, ಕೈ ಅಲ್ಲೇ ಇರಲಿ ಡಾಕ್ಟ್ರೇ."

ಅವನು ಅಂಗಡಿಯ ಕಥೆ ಹೇಳುತ್ತಿದ್ದ. ಊಟ ಬಿಡದೆ ಹೊಟ್ಟೆ ಒಳಗೆಳೆದುಕೊಂಡು ಅಳತೆ ಕೊಡುವ ಗಂಡಸರ ಕಥೆ ಕೇಳಿ ಅವಳು ನಗುತ್ತಿದ್ದಳು. ಅವನು ಹೋದ ಮೇಲೂ ನಗುತ್ತಿದ್ದಳು. 'ಛೇ, ರೋಗಿಯ ಬಗ್ಗೆ ಡಾಕ್ಟರು ಯೋಚಿಸೋ ರೀತಿಯಾ ಇದು?' ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ಆದರೆ ಬೀದಿ ಸುಮ್ಮನಿರುತ್ತದೆಯೇ? ಪಕ್ಕದ ಔಷಧಿ ಅಂಗಡಿಯವರು ಮುಖದ ಮೇಲೆ ಹೊಡೆದಂತೆ ಹೇಳಿಬಿಟ್ಟರು: "ಡಾಕ್ಟ್ರಮ್ಮ, ಬೀದಿ ದಾಟಿ ಬರೋ ಕತ್ತೇ ಸರಿಹೋಗ್ಲಿಲ್ಲ. ಬಸ್ ಹತ್ತಿ ಬರೋ ಸೊಂಟದ ಗತಿ ಏನು?"

ಅತ್ತ ಅಪ್ಪ ಫೋನಿನಲ್ಲಿ, "ಸಾಕು ಮಗಳೇ, ಇಲ್ಲಿ ದೊಡ್ಡ ಆಸ್ಪತ್ರೇಲಿ ಕೆಲಸ ಇದೆ. ಬಾಗಿಲು ಹಾಕ್ಕೊಂಡು ಬಂದ್ಬಿಡು" ಎನ್ನುತ್ತಿದ್ದರು.

"ಈ ಒಂದು ಕತ್ತು ಸರಿಮಾಡ್ತೀನಪ್ಪಾ. ಆಗ್ಲಿಲ್ಲ ಅಂದ್ರೆ ಬಂದ್ಬಿಡ್ತೀನಿ."

ಅವಳ ಕ್ಲಿನಿಕ್ಕು, ಹಠ, ಮರ್ಯಾದೆ ಎಲ್ಲವೂ ಈಗ ಆ ಕತ್ತಿನ ಮೇಲೇ ನಿಂತಿದ್ದವು.

ಒಂದು ಸಂಜೆ ಅವನು ನಾಚಿಕೊಂಡು ಒಂದು ಬಿಳಿ ಕೋಟು ಕೊಟ್ಟ. ತಾನೇ ಹೊಲಿದದ್ದು. ಮರುದಿನ ಬೆಳಿಗ್ಗೆ ತೊಟ್ಟು ನೋಡಿದರೆ ಕಾಲರ್ ಪೂರ್ತಿ ಎಡಕ್ಕೆ ವಾಲಿತ್ತು! ಅವಳಿಗೆ ನಗು ತಡೆಯಲಾಗಲಿಲ್ಲ. ಬಿಸಿಲೇರಿದ ಮೇಲೆ ಕೋಟು ಹಿಡಿದು ಬೀದಿ ದಾಟಿದಳು.

ಅಂಗಡಿಯಲ್ಲಿ ಅವನಿರಲಿಲ್ಲ. ದಾರ ತರಲು ಹೋಗಿದ್ದ. ಕಾಯೋಣವೆಂದು ಅವನ ಸ್ಟೂಲಿನ ಮೇಲೆ ಕುಳಿತಳು.

ಛಳಕ್!

ಕಣ್ಣಿಗೆ ಬೆಳಕು ರಾಚಿತು. ಕತ್ತು ತಾನಾಗಿ ಎಡಕ್ಕೆ ಹೊರಳಿತು. ಅದೇ ಓರೆ! ದಿನಾ ಸಂಜೆ ತಾನು ನೆಟ್ಟಗೆ ಮಾಡುವ ಅದೇ ಓರೆ! ಬೆರಳುಗಳ ಸಂದಿಯಿಂದ ನೋಡಿದಳು. ಅವಳದೇ ಬಾಗಿಲ ಮೇಲೆ, ಚಿಕ್ಕಮ್ಮನ ಕನ್ನಡಿ ಸೂರ್ಯನನ್ನು ಹಿಡಿದು ನೇರ ಈ ಸ್ಟೂಲಿಗೇ ಎಸೆಯುತ್ತಿತ್ತು.

ಅಯ್ಯೋ... ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುತ್ತಿದ್ದೆನಾ ಇಷ್ಟು ದಿನ?

ಅಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಚಿಕೊಂಡಿತ್ತು.

"ನಿಮಗೆ ಗೊತ್ತಿತ್ತಾ?"

"...ಗೊತ್ತಿತ್ತು. ಕನ್ನಡಿ ತೆಗೀರಿ ಅಂತ ಹೇಳೋಕೇ ಮೊದಲ ದಿನ ಬಂದಿದ್ದೆ. ನೀವು ಮುಖ ನೋಡಿ ಮಾತಾಡಿ ಅಂದ್ರಿ. ನೋಡಿದೆ. ಆಮೇಲೆ ಹೇಳೋಕಾಗ್ಲಿಲ್ಲ."

"ಸ್ಟೂಲ್ ಆ ಕಡೆ ಸರಿಸಬಹುದಿತ್ತಲ್ಲ!"

"ಸರಿಸಿದ್ರೆ ನಿಮ್ಮ ಬಾಗಿಲು ಕಾಣಲ್ಲ."

"ಒಂದು ಪರದೆ ಹಾಕಬಹುದಿತ್ತು! ಟೈಲರ್ ಅಂಗಡೀಲಿ ಒಂದು ತುಂಡು ಬಟ್ಟೆ ಇರ್ಲಿಲ್ವಾ?"

"ಪರದೆ ಹಾಕಿದ್ರೂ... ಕಾಣಲ್ಲ."

ಒಂದು ಗಳಿಗೆ ಅವಳ ಮನಸ್ಸು ಕರಗಿತು. ಮರುಗಳಿಗೆ ಔಷಧಿ ಅಂಗಡಿಯವರ ಮಾತು ನೆನಪಾಗಿ ಕಣ್ಣು ತುಂಬಿತು.

"ಈ ಕತ್ತು ಸರಿಹೋಗದೆ ನಾನು ಕ್ಲಿನಿಕ್ ಮುಚ್ಚೋಕೆ ಹೊರಟಿದೀನಿ, ಗೊತ್ತಾ? ಬೀದಿಯೆಲ್ಲ ನನ್ನ ಕೈಗುಣ ಆಡ್ಕೊಂಡು ನಗ್ತಿದೆ! ನನ್ನ ಕೆಲಸ ನಿಮಗೆ ಬರೀ ನೆಪ ಆಯ್ತು, ಅಲ್ವಾ?"

"ಡಾಕ್ಟ್ರೇ... ಇದು ನಂಗೊತ್ತಿರ್ಲಿಲ್ಲ..."

ಕೋಟನ್ನು ಹೊಲಿಗೆ ಯಂತ್ರದ ಮೇಲೆ ಬಿಸಾಕಿ ಅವಳು ಹೊರಟೇಬಿಟ್ಟಳು. ಕುರ್ಚಿ ಹತ್ತಿ ಕನ್ನಡಿ ಕಿತ್ತಳು.

"ಅಯ್ಯಯ್ಯೋ, ಕೆಟ್ಟ ಶಕ್ತಿ ಒಳಗೆ ನುಗ್ಗುತ್ತೆ ಕಣೇ!"

"ನುಗ್ಗಿ ಆಗಿದೆ ಚಿಕ್ಕಮ್ಮ," ಎಂದು ಬಿಕ್ಕಿದಳು. ಅಪ್ಪನಿಗೆ ಫೋನ್ ಮಾಡಿ ಬರುತ್ತೇನೆಂದಳು.

ಆದರೆ ಗಂಟುಮೂಟೆ ಕಟ್ಟಲು ಶುರುಮಾಡುವಷ್ಟರಲ್ಲಿ ಒಬ್ಬರು ಭುಜ ಹಿಡಿದುಕೊಂಡು ಬಂದರು. ಯಾರು? ಅದೇ ಔಷಧಿ ಅಂಗಡಿಯವರು!

"ತಪ್ಪು ತಿಳ್ಕೊಂಡಿದ್ದೆ ಡಾಕ್ಟ್ರಮ್ಮ. ಟೈಲರ್ ಎಲ್ಲಾ ಹೇಳ್ದ."

"ಏನು ಹೇಳಿದ್ರು?"

"ಒಂದೊಂದು ಅಂಗಡಿ ಮುಂದೇನೂ ನಿಂತ್ಕೊಂಡು ಹೇಳ್ದ ಕಣಮ್ಮ. 'ಡಾಕ್ಟ್ರು ದಿನಾ ಸಂಜೆ ಗುಣ ಮಾಡ್ತಿದ್ರು, ಬೆಳಿಗ್ಗೆ ಕೂತು ಕೆಡಿಸ್ಕೊಳ್ತಿದ್ದವನು ನಾನು. ಅವರನ್ನ ನೋಡೋ ಆಸೆಗೆ ಸುಮ್ನಿದ್ದೆ. ನಗೋದಿದ್ರೆ ನನ್ನ ನೋಡಿ ನಗಿ' ಅಂತ. ನಕ್ಕೂ ನಕ್ಕೂ ನನ್ನ ಭುಜಾನೇ ಹಿಡ್ಕೊಳ್ತು!"

ಅವರ ಹಿಂದೆ ಒಂದು ಮಂಡಿ ಬಂತು, ಮಂಡಿಯ ಹಿಂದೆ ಎರಡು ಸೊಂಟ. ಬೆಂಚು ತುಂಬಿತು. ಬೀದಿಯವರು ಟೈಲರನಿಗೆ 'ಕಳ್ಳಗತ್ತು' ಎಂದು ಹೆಸರಿಟ್ಟರು. ಅವನು ಆ ಹೆಸರಿಗೇ ಓಗೊಟ್ಟು ತಲೆತಗ್ಗಿಸಿಕೊಂಡು ಹೊಲಿಯುತ್ತಿದ್ದ. ಅವಳು ಮಾತ್ರ ಸಂಜೆಯಾಗುತ್ತಲೇ ಬಾಗಿಲು ನೋಡುತ್ತಿದ್ದಳು. ಅವನು ಬರಲಿಲ್ಲ. ಇಷ್ಟೊಂದು ಜನ ಬಂದರೂ ಯಾಕೋ ಕ್ಲಿನಿಕ್ ಖಾಲಿ ಎನಿಸುತ್ತಿತ್ತು. ಕೋಪ ಎಂದೋ ಇಳಿದಿತ್ತು. ಅವಳಿಗೆ ಅವನು ಬೇಕಾಗಿದ್ದ.

ಕೊನೆಗೊಂದು ಸಂಜೆ ಬಾಗಿಲು ಸದ್ದಾಯಿತು. ಕೈಯಲ್ಲಿ ಬಿಳಿ ಕೋಟು. ಕತ್ತು ನೆಟ್ಟಗೆ, ಕಣ್ಣು ನೇರ ಅವಳ ಮುಖದ ಮೇಲೆ.

"ಎಲ್ಲಿ ನೋವು?" ಗತ್ತಿನಿಂದಲೇ ಕೇಳಿದಳು.

"ಎಲ್ಲೂ ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ಸಲ ಸಲಾನೂ ನೆಪ ಇಟ್ಕೊಂಡು ಬರ್ತಿದ್ದೆ. ಇವತ್ತು ನೆಪ ಇಲ್ದೆ ಬಂದಿದೀನಿ. ನೀವಂದ್ರೆ ನಂಗಿಷ್ಟ. ಹೋಗಬೇಡಿ."

ಅವಳು ಅವನ ಕೈಯಿಂದ ಕೋಟು ತೆಗೆದುಕೊಂಡು ತೊಟ್ಟಳು. ಕಾಲರ್ ಕೂದಲೆಳೆಯಷ್ಟೂ ವಾಲಿರಲಿಲ್ಲ.

"ಅಪ್ಪಂಗೆ ಬೆಳಿಗ್ಗೇನೇ ಫೋನ್ ಮಾಡಿದೆ... ಬರಲ್ಲ ಅಂತ."

ಒಳಗಿನಿಂದ ಚಿಕ್ಕಮ್ಮ ಕೆಮ್ಮಿದರು. "ಎದುರುಬದುರು ಬಾಗಿಲಿಗೆ ಇನ್ನೊಂದು ಪರಿಹಾರ ಇದೆ ಕಣ್ರಪ್ಪಾ. ಎರಡೂ ಬಾಗಿಲು ಒಂದೇ ಮನೆಯವರದ್ದಾದ್ರೆ ದೋಷಾನೇ ಇಲ್ಲ!"

"ಶಿಬಿರದಲ್ಲಿ ಹೇಳಿಕೊಟ್ರಾ ಚಿಕ್ಕಮ್ಮ?"

"ಶಿಬಿರ ಯಾಕೆ ಬೇಕು? ನಂಗೆ ಕಣ್ಣಿಲ್ವಾ?"

ಅವಳು ನಗುತ್ತ ತನ್ನ ಮೇಜಿನ ಒಂದು ತುದಿ ಹಿಡಿದಳು. "ಆ ಕಡೆ ಹಿಡೀರಿ. ಇದನ್ನ ಬಾಗಿಲ ಕಡೆ ತಿರುಗಿಸ್ಬೇಕು."

"ಬಿಸಿಲು ಬೀಳುತ್ತಲ್ಲ?"

"ಬೀಳ್ಲಿ. ಒಂದು ಪರದೆ ಹೊಲಿದು ಕೊಡಿ."

ಅವನು ಮೇಜು ಕೆಳಗಿಟ್ಟು, ಕತ್ತನ್ನು ಎಡಕ್ಕೂ ಬಲಕ್ಕೂ ಸರಾಗವಾಗಿ ಆಡಿಸಿದ.

"ಏನು ಬೇಕಾದ್ರೂ ಹೊಲಿತೀನಿ ಡಾಕ್ಟ್ರೇ... ಪರದೆ ಮಾತ್ರ ಆಗಲ್ಲ."