ದೇವೀರಿಯ ಅಣಬೆ ಪುಡಿಯೂ ಆರು ಜಾಡಿಗಳೂ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ ನೇರಳೆನಾಡು ಎಂಬ ಒಂದು ರಾಜ್ಯವಿತ್ತು. ರಾಜ್ಯಕ್ಕೊಬ್ಬ ರಾಜ, ರಾಜನಿಗೊಂದು ಅರಮನೆ, ಅರಮನೆಗೊಂದು ಅಡುಗೆಮನೆ, ಆ ಅಡುಗೆಮನೆಗೆ ಬೊಮ್ಮಯ್ಯ ಎಂಬ ಬಾಣಸಿಗ. ಎಲ್ಲರೂ ಹೊತ್ತುಹೊತ್ತಿಗೆ ಉಂಡು ನೆಮ್ಮದಿಯಾಗಿದ್ದರು.

ಒಂದು ದಿನ ತಾಮ್ರಾಕ್ಷ ಎಂಬ ಮಾಂತ್ರಿಕ ಬಂದು ಕರಿಗುಡ್ಡದ ಮೇಲೆ ಮನೆ ಮಾಡಿದ. ಜನರ ನಾಲಿಗೆಯಿಂದ ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರುಚಿಗಳನ್ನೂ ಸೆಳೆದು ಆರು ಜಾಡಿಗಳಲ್ಲಿ ತುಂಬಿದ. ದಿನಾ ಬೆಳಿಗ್ಗೆ ಎದ್ದು ಆ ಜಾಡಿಗಳನ್ನು ಅದಲುಬದಲು ಮಾಡುವುದೇ ಅವನ ಆಟ. ಮೇಲೆ ಜಾಡಿ ಬದಲಾದರೆ ಕೆಳಗೆ ಜನರ ಬಾಯಿರುಚಿ ಬದಲಾಗುತ್ತಿತ್ತು. ಜನ ಮುಖ ಕಿವಿಚುವುದನ್ನು ಗುಡ್ಡದ ಮೇಲಿಂದ ನೋಡಿ ಅವನು ಹೊಟ್ಟೆ ಹಿಡಿದು ನಗುತ್ತಿದ್ದ.

ಅಯ್ಯೋ, ಆ ಗೊಂದಲವನ್ನು ಏನೆಂದು ಹೇಳುವುದು! ಸೋಮವಾರ ಬೆಲ್ಲ ಕಹಿ, ಮಂಗಳವಾರ ಅದೇ ಬೆಲ್ಲ ಖಾರ. ಉಪ್ಪು ಸಾಲದೆಂದು ಉಪ್ಪು ಹಾಕಿದರೆ ಸಿಹಿ ಏರುತ್ತಿತ್ತು. ಸಿಹಿ ಇಳಿಯಲೆಂದು ಹುಣಸೆಹಣ್ಣು ಹಿಂಡಿದರೆ ಒಗರಾಗುತ್ತಿತ್ತು. ಮನೆಮನೆಯಲ್ಲೂ ಹೆಂಗಸರು ಅಂಗೈಗೆ ಒಂದು ತೊಟ್ಟು ಸಾರು ಹಾಕಿಕೊಂಡು ನೆಕ್ಕುವುದು, ಏನೋ ಒಂದು ಸುರಿಯುವುದು, ಮತ್ತೆ ನೆಕ್ಕುವುದು.

"ಇದು ಪಾಯಸವೇನೇ, ಕಷಾಯವೇನೇ?"

"ನನ್ನ ಕೇಳಿದರೆ? ಒಲೆ ಮೇಲೆ ಇಡುವಾಗ ಪಾಯಸವೇ ಆಗಿತ್ತು."

ಮಕ್ಕಳು ತಟ್ಟೆ ತಳ್ಳಿ ಏಳತೊಡಗಿದರು. ರಾಜನೇ ಸೊರಗಿದ. ಕೊನೆಗೆ ಮಾಂತ್ರಿಕನನ್ನು ಬೇಡಿಕೊಂಡಾಗ ಅವನು ಒಂದು ಪಂಥ ಒಡ್ಡಿದ.

"ಯಾರಾದರೂ ಬಂದು ನನಗೆ ಅಡುಗೆ ಮಾಡಿ ಬಡಿಸಲಿ. ಅದರಲ್ಲಿ ಯಾವ ರುಚಿ ಮುಂದಾಗಿದೆ ಎಂದು ನಾನು ಹೇಳುತ್ತೇನೆ. ಸರಿ ಹೇಳಿದರೆ ಆ ರುಚಿಯ ಜಾಡಿ ಠಣ್ ಎನ್ನುತ್ತದೆ. ತಪ್ಪು ಹೇಳಿದರೆ ನಾನು ಹೆಸರಿಸಿದ ರುಚಿಯ ಜಾಡಿ ಒಡೆಯುತ್ತದೆ; ಆರೂ ಒಡೆದರೆ ರುಚಿಗಳು ನಿಮ್ಮವು. ಠಣ್ ಎನ್ನುವವರೆಗೆ ನಾನು ಹೇಳುತ್ತಲೇ ಇರಬೇಕು. ಮೂರು ಅಡುಗೆಗೆ ಅವಕಾಶ. ಮೊದಲನೆಯದಕ್ಕೇ ಠಣ್ ಎಂದರೆ ಅಡುಗೆಯವರು ಸೋತಂತೆ, ಅವರ ನಾಲಿಗೆಯ ಸ್ವಾದ ನನ್ನದು. ಎರಡನೆಯದರಲ್ಲಿ ಸೋತರೆ ಮೂಗಿನ ಶಕ್ತಿ ನನ್ನದು. ಮೂರನೆಯದರಲ್ಲೂ ಸೋತರೆ ಸೌಟಾಗಿ ನನ್ನ ಗೋಡೆಗೆ ನೇತಾಡಬೇಕು."

ನೂರಾರು ಅಡುಗೆಯವರು ಹೋಗಿ ಸೌಟಾದರು. ಕೊನೆಗೆ ಬೊಮ್ಮಯ್ಯ ಹೋದ. ಹೋಳಿಗೆ ಮಾಡಿದ, ಗೊಜ್ಜು ಮಾಡಿದ, ಹಾಗಲಕಾಯಿಯಲ್ಲಿ ಏನೋ ಹೊಸದು ಮಾಡಿದ. ಮೂರು ಸಲವೂ ಜಾಡಿ ಠಣ್ ಎಂದಿತು. ಬೊಮ್ಮಯ್ಯ ಸೌಟಾದ.

ಬೊಮ್ಮಯ್ಯನ ಹೆಂಡತಿಯ ಹೆಸರು ದೇವೀರಿ. ಏಳು ಗುಡ್ಡ ಆಚೆಯ ಸೀಮೆಯಿಂದ ಮದುವೆಯಾಗಿ ಬಂದವಳು. ಸುದ್ದಿ ಕೇಳಿ ಒಂದು ಗಳಿಗೆ ಅತ್ತಳು. ಆಮೇಲೆ ಸೆರಗು ಸಿಕ್ಕಿಸಿ, "ಅತ್ತೆ, ನಾನು ಹೋಗಿ ಕರೆದುಕೊಂಡು ಬರ್ತೀನಿ" ಎಂದಳು.

ಅತ್ತೆ ಸಿಂಗಾರಮ್ಮ ತಲೆ ಚಚ್ಚಿಕೊಂಡಳು. "ಅರಮನೆ ಬಾಣಸಿಗನ ಕೈಲೇ ಆಗಲಿಲ್ಲ, ನೀನೇನು ಮಾಡ್ತೀಯೇ?"

"ಗೊತ್ತಿಲ್ಲ ಅತ್ತೆ."

"ಗೊತ್ತಿಲ್ಲದೆ ಹೊರಟೆಯಾ?"

"ಗೊತ್ತಾಗುವವರೆಗೆ ಅವರು ನೇತಾಡ್ತಾ ಇರಬೇಕಾ?"

ಸಿಂಗಾರಮ್ಮ ಮಣೆ ಹತ್ತಿ, ಅಟ್ಟದ ಮೂಲೆಯಿಂದ ಒಂದು ಸೋರೆಬುರುಡೆ ಇಳಿಸಿ ಧೂಳು ಒರೆಸಿದಳು. ದೇವೀರಿ ತವರಿನಿಂದ ತಂದ ಅಣಬೆ ಪುಡಿ ಅದು. ಗುಡುಗಿನ ಮರುದಿನ ಏಳುವ ಅಣಬೆಗಳನ್ನು ಬಿಸಿಲಲ್ಲಿ ಒಣಗಿಸಿ, ಹುರಿದು, ಬೀಸಿ ಮಾಡಿದ್ದು. ದೇವೀರಿ ಬಂದ ಹೊಸತರಲ್ಲಿ ಸಿಂಗಾರಮ್ಮ ಅದನ್ನು ಮೂಸಿ, "ಇದೇನಮ್ಮ ಇದು, ಮಾಂಸವೋ ಮಣ್ಣೋ? ನನ್ನ ಒಲೆ ಹತ್ತಿರ ತರಬೇಡ" ಎಂದು ಅಟ್ಟಕ್ಕೆ ಹಾಕಿದ್ದಳು.

"ಇದನ್ನ ತಗೊಂಡು ಹೋಗು," ಎಂದಳು ಈಗ. "ಅವನಿಗೆ ಎಲ್ಲ ರುಚಿಯೂ ಗೊತ್ತಂತೆ. ಇದೇನು ಅಂತ ಐದು ವರ್ಷದಿಂದ ನನಗೆ ಗೊತ್ತಾಗಿಲ್ಲ. ಅವನಿಗಾದರೂ ಹೇಗೆ ಗೊತ್ತಾಗತ್ತೆ, ನೋಡೋಣ."

ಕರಿಗುಡ್ಡದ ಬಾಗಿಲಲ್ಲಿ ಎತ್ತಿನಗಾಡಿಯಷ್ಟು ದೊಡ್ಡ ಒಂದು ಉಡ ಕಾವಲಿತ್ತು. ಬಂದವರು ಏನು ತಂದಿದ್ದಾರೆಂದು ಮೂಸಿ ಒಡೆಯನಿಗೆ ಕೂಗಿ ಹೇಳುವುದು ಅದರ ಕೆಲಸ. ಅದು ಬುರುಡೆಯನ್ನು ಮೂಸಿತು. ಇನ್ನೊಮ್ಮೆ ಮೂಸಿತು.

"ಮಾಂಸವಾ?"

"ಅಲ್ಲ."

"ತರಕಾರಿಯಾ?"

"ಹಾಗೂ ಹೇಳೋಕಾಗಲ್ಲ. ಬೀಜ ಹಾಕಿ ಬೆಳೆದದ್ದಲ್ಲ, ಎಲೆ ಇಲ್ಲ, ಹೂವಿಲ್ಲ."

ಉಡ ಒಳಕ್ಕೆ ಕೂಗಿತು: "ಒಡೆಯಾ, ಒಬ್ಬಳು ಏನೋ ತಂದಿದ್ದಾಳೆ!"

"ಏನದು?"

"ಗೊತ್ತಾಗ್ತಿಲ್ಲ ಒಡೆಯಾ!"

"ನಿನ್ನ ಮೂಗಿಗೆ ಬೆಂಕಿ ಹಾಕ! ಒಳಗೆ ಕಳಿಸು."

ಒಳಗೆ ಆರು ಜಾಡಿಗಳು ಸಾಲಾಗಿದ್ದವು. ಗೋಡೆಯ ತುಂಬ ನೂರಾರು ಸೌಟು. ಗಂಡ ಯಾವುದೆಂದು ದೇವೀರಿಗೆ ತಿಳಿಯಲಿಲ್ಲ. ಎಲ್ಲಕ್ಕೂ ಒಟ್ಟಿಗೆ ಕೈ ಮುಗಿದು, ತಾನು ಬೊಮ್ಮಯ್ಯನ ಹೆಂಡತಿ ಎಂದು ಹೇಳಿ ಒಲೆ ಹಚ್ಚಿದಳು.

ಮೊದಲ ದಿನ ಸಾರು ಮಾಡಿದಳು. ಪುಡಿ ಒಂದು ಚಿಟಿಕೆ ಹಾಕಿ ನೆಕ್ಕಿ ನೋಡಿದಳು. ಮಾಟ ಹಿಡಿದ ನಾಲಿಗೆ ಏನೋ ಹೇಳಿತು. ಸಾಲದೇನೋ ಎಂದು ಒಂದು ಚಮಚ ಹಾಕಿದಳು. ನಾಲಿಗೆ ಇನ್ನೇನೋ ಹೇಳಿತು. ಒಂದು ಹಿಡಿಯನ್ನೇ ಸುರಿದಳು. ಸಾರು ಕೆಸರಾಯಿತು.

ತಾಮ್ರಾಕ್ಷ ಒಂದು ಗುಟುಕು ಕುಡಿದು ಉಗುಳಿದ. "ಕಹಿ!"

ಠಣ್! ದೇವೀರಿಯ ನಾಲಿಗೆ ಮರದ ಚಕ್ಕೆಯಂತಾಯಿತು.

ಎರಡನೆಯ ದಿನ, ಪುಡಿಯೊಂದನ್ನೇ ನಂಬಿದ್ದು ತಪ್ಪಾಯಿತು ಎಂದುಕೊಂಡು ಹದಿನಾರು ತರಕಾರಿಯ ಕೂಟು ಮಾಡಿದಳು. ತೆಂಗಿನಕಾಯಿ ರುಬ್ಬಿದಳು, ಮಸಾಲೆ ಹುರಿದಳು, ಹುಣಸೆಹಣ್ಣು ಹಿಂಡಿದಳು. ವಾಸನೆ ನೋಡಿಕೊಂಡು ಕೊನೆಗೆ ಪುಡಿಯನ್ನೂ ಉದುರಿಸಿದಳು. ಅಷ್ಟು ತರಕಾರಿಗಳ ಜಾತ್ರೆಯಲ್ಲಿ ಪುಡಿ ಎಲ್ಲಿ ಹೋಯಿತೋ ಅವಳಿಗೇ ಗೊತ್ತಾಗಲಿಲ್ಲ.

"ಹುಳಿ!" ಎಂದ ತಾಮ್ರಾಕ್ಷ, ಬೆರಳು ಚೀಪುತ್ತ.

ಠಣ್! ಮೂಗೂ ಹೋಯಿತು.

ಮೂರನೆಯ ದಿನ ದೇವೀರಿ ಒಲೆ ಮುಂದೆ ಕುಳಿತೇ ಬಿಟ್ಟಳು. ನಾಲಿಗೆ ಇಲ್ಲ, ಮೂಗಿಲ್ಲ. ಉಪ್ಪಿನ ಬಟ್ಟಲು ಯಾವುದು, ಸಕ್ಕರೆಯದು ಯಾವುದು? ಬೇಳೆ ಸೀಯುತ್ತಿದ್ದರೂ ತಿಳಿಯುವುದಿಲ್ಲ.

"ಏಳಮ್ಮಾ, ನನಗೆ ಹಸಿವು," ಎಂದ ತಾಮ್ರಾಕ್ಷ. "ಸೌಟಾದ ಮೇಲೆ ಗಂಡನ ಪಕ್ಕದ ಮೊಳೆಗೇ ನೇತುಹಾಕ್ತೀನಿ, ಬೇಜಾರು ಮಾಡ್ಕೋಬೇಡ."

ದೇವೀರಿ ತನ್ನ ಕೈಗಳನ್ನು ನೋಡಿಕೊಂಡಳು. ತವರಿನಲ್ಲಿ ಅವ್ವ ಬಡಿಸುವ ಮುಂಚೆ ಒಂದು ದಿನವಾದರೂ ರುಚಿ ನೋಡಿದ್ದಳೇ? ಇಲ್ಲ. ಉಣ್ಣುವವರಿಗಿಂತ ಮೊದಲು ಬಾಯಿಗಿಟ್ಟರೆ ಎಂಜಲು ಎನ್ನುತ್ತಿದ್ದಳು. ಮೂರು ಬೆರಳಲ್ಲಿ ಉಪ್ಪು, ಎರಡು ಬೆರಳ ತುದಿಯಲ್ಲಿ ಪುಡಿ. ಪುಡಿ ಹಾಕಿದ ದಿನ ಉಪ್ಪು ಅರ್ಧ. ಅಷ್ಟೇ ಅವಳ ಲೆಕ್ಕ. ನೇರಳೆನಾಡಿಗೆ ಬಂದ ಮೇಲೆ ಎಲ್ಲರ ಹಾಗೆ ತಾನೂ ನೆಕ್ಕಿ ನೆಕ್ಕಿ ಕೆಟ್ಟೆ ಎನಿಸಿತು.

ಎದ್ದು ಒಂದು ಹಿಡಿ ತೊಗರಿಬೇಳೆ ಬೇಯಿಸಿದಳು. ಬೆಂದಿತೇ ಎಂದು ಬೆರಳಲ್ಲಿ ಹಿಸುಕಿ ನೋಡಿದಳು. ಬೇಳೆ ಬೆಂದ ನೀರಿನ ಕಟ್ಟು ಬಸಿದಳು. ಹುಣಸೆ ಬೇಡ, ಬೆಲ್ಲ ಬೇಡ, ಮೆಣಸಿನಕಾಯಿ ಬೇಡ. ಚಿಟಿಕೆ ಅರಿಸಿನ ಸಾಕು. ಎರಡು ಬೆರಳ ತುದಿಯಷ್ಟು ಪುಡಿಯನ್ನು ಬೆಚ್ಚನೆ ನೀರಲ್ಲಿ ನೆನೆಸಿ ಬೇಳೆಕಟ್ಟಿಗೆ ಬೆರೆಸಿದಳು. ಬೆರಳಿಗೆ ತೇವವಾಗಿ ಅಂಟಿದ್ದೇ ಉಪ್ಪೆಂದು ತಿಳಿದು, ಮೂರು ಬೆರಳ ಅಳತೆಯಲ್ಲಿ ಅರ್ಧ ಹಾಕಿದಳು. ತುಪ್ಪದಲ್ಲಿ ನಾಲ್ಕು ಕಾಳು ಜೀರಿಗೆ ಚಟಪಟ ಎನ್ನುವುದನ್ನು ಕಿವಿಯಲ್ಲಿ ಕೇಳಿ ಒಗ್ಗರಣೆ ಕೊಟ್ಟಳು. ಅನ್ನದ ಮೇಲೆ ಬಡಿಸಿ ದೂರ ನಿಂತಳು.

"ಇಷ್ಟೇನಾ? ಇದು ಬಾಣಂತಿಗೆ ಹಾಕೋ ಊಟ!" ಎಂದು ತಾಮ್ರಾಕ್ಷ ಒಂದು ತುತ್ತು ಬಾಯಿಗಿಟ್ಟ. ಅಗಿದ. ನಿಲ್ಲಿಸಿದ. ಮತ್ತೆ ಅಗಿದ.

"ಉಪ್ಪು," ಎಂದ.

ಫಟ್! ಉಪ್ಪಿನ ಜಾಡಿ ಎರಡು ಹೋಳಾಯಿತು.

ಅವನು ಬೆಚ್ಚಿದ. "ಅಲ್ಲ ಅಲ್ಲ, ಸಿಹಿ." ಫಟ್!

"ಇನ್ನೊಂದು ಸೌಟು ಹಾಕು. ಸರಿಯಾಗಿ ನೋಡಿಲ್ಲ ನಾನು."

ದೇವೀರಿ ಬಡಿಸಿದಳು. ಅವನು ಬೇಗ ಬೇಗ ಉಂಡ. "ಒಗರೇನೇ? ಒಗರು." ಫಟ್! "ಹುಳಿ? ಖಾರ?" ಫಟ್! ಫಟ್! "ಸಿಹಿ ಅಲ್ಲ, ಆದರೂ ಬಾಯಿ ಇನ್ನೂ ಬೇಕು ಅನ್ನುತ್ತಲ್ಲ! ನುಂಗಿದ ಮೇಲೂ ನಾಲಿಗೆ ಮೇಲೆ ಕೂತಿದೆಯಲ್ಲ! ಏನು ಹಾಕಿದೀಯೇ? ಯಾವ ರುಚಿಯೇ ಇದು?"

"ನನಗೂ ಗೊತ್ತಿಲ್ಲ ಸ್ವಾಮಿ. ನಮ್ಮ ಕಡೆ ಅದಕ್ಕೆ ಹೆಸರಿಲ್ಲ. ಹಾಕಿದರೆ ಸಾರು ಚೆನ್ನಾಗಿರತ್ತೆ ಅಂತೀವಿ."

"ಹೆಸರಿಲ್ಲದ್ದು ಹೇಗಿರತ್ತೆ!" ಎಂದು ಚೀರಿ ಅವನು ಪಾತ್ರೆಯನ್ನೇ ಎತ್ತಿ ತಳ ಕಾಣುವವರೆಗೆ ಕುಡಿದ. ಉಳಿದದ್ದು ಒಂದೇ ಜಾಡಿ. ಒಲ್ಲದ ಮನಸ್ಸಿನಿಂದ ಪಿಸುಗುಟ್ಟಿದ: "ಕಹಿ?"

ಫಟ್!

ಆರು ರುಚಿಗಳೂ ಗಾಳಿಯಲ್ಲಿ ಹಾರಿ ಜನರ ನಾಲಿಗೆಗೆ ಮರಳಿದವು. ದೇವೀರಿಯ ಮೂಗಿಗೆ ಜೀರಿಗೆಯ ಘಮ ಬಡಿಯಿತು. ಗೋಡೆಯ ಸೌಟುಗಳೆಲ್ಲ ಮನುಷ್ಯರಾಗಿ ಧಪಧಪನೆ ಒಬ್ಬರ ಮೇಲೊಬ್ಬರು ಬಿದ್ದರು. ಆ ರಾಶಿಯ ಅಡಿಯಿಂದ ಬೊಮ್ಮಯ್ಯ ತೆವಳಿಕೊಂಡು ಬಂದ.

"ದೇವೀರಿ! ನೀನಾ! ಗೋಡೆ ಮೇಲಿಂದ ಎಲ್ಲ ನೋಡ್ತಾ ಇದ್ದೆ. ಮೊದಲ ದಿನ ಹಿಡಿಗಟ್ಟಲೆ ಸುರೀತಿದ್ದೆಯಲ್ಲ, ಕೂಗೋಣ ಅಂದರೆ ನನಗೆ ಬಾಯಿಲ್ಲ."

"ಈಗ ಬಾಯಿ ಬಂತಲ್ಲ, ಸಾಕು," ಎಂದಳು ದೇವೀರಿ, ಅಳುತ್ತ ನಗುತ್ತ.

"ಬಂತು. ಹಸಿವೂ ಬಂತು. ಏನಾದರೂ ಉಳಿದಿದೆಯಾ?"

ಪಾತ್ರೆ ಬರಿದಾಗಿತ್ತು. ದೇವೀರಿ ಮತ್ತೆ ಒಲೆ ಊದಿದಳು. ನೂರಾರು ಜನ ಸೇರಿ ಬೇಳೆ ಆರಿಸಿದರು. ಬೊಮ್ಮಯ್ಯ ಬಡಿಸಿದ.

ತಾಮ್ರಾಕ್ಷನ ಮಂತ್ರವೆಲ್ಲ ಜಾಡಿಗಳ ಜೊತೆಗೇ ಹೋಗಿತ್ತು. ಅವನು ಕೆಟ್ಟದ್ದು ಮಾಡುವುದನ್ನು ಮರೆತು, ಬಟ್ಟಲು ಹಿಡಿದು ಮನೆಮನೆಗೆ ಹೋಗಿ, ಸಾರು ಕುಡಿದು, ಅದರ ಹೆಸರೇನೆಂದು ಯೋಚಿಸುತ್ತ ಬದುಕಿದ. ಸಿಂಗಾರಮ್ಮ ದಿನಾ ಸೊಸೆಯ ಕೈಯಿಂದ ಚಿಟಿಕೆ ಪುಡಿ ಇಸಿದುಕೊಂಡು ಪಲ್ಯಕ್ಕೆ, ತೊವ್ವೆಗೆ, ಗಂಜಿಗೆ ಹಾಕಿದಳು. ನೇರಳೆನಾಡಿನವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ಈ ಕತೆ ಕೇಳಿದವರಿಗೂ ಒಳ್ಳೆಯ ಹಸಿವಾಗಲಿ, ಹಸಿವಾದಾಗ ಬಿಸಿ ಸಾರು ಸಿಗಲಿ.